ನಾಲ್ಕಡಿ ತಗಡು

ಅಪ್ಪ ಬರೆದ ಫಲಕ ಅದು. ಬಿಳಿ ನೆಲ, ಕರಿ ಅಕ್ಷರ:
ಮೆಕ್ಲೀಶ್ ರಸ್ತೆ.
‘ಲೀ’ಯ ದೀರ್ಘ ಅಪ್ಪನ ಕೈಯಲ್ಲಿ ಯಾಕೋ ಬಾಗಿತ್ತು,
ಅರವತ್ತು ವರ್ಷ ಬಾಗಿಯೇ ನಿಂತಿತ್ತು
ಕೋಡಿಬಾಗದ ಬಸ್ಸುಗಳಿಗೆ ಸಲಾಮು ಹೊಡೆಯುತ್ತ.

ಇಂದು ಏಣಿ ಹತ್ತಿ ಅದನ್ನು ಕೆರೆಯುತ್ತಿದ್ದೇನೆ.
ಉಪ್ಪುಗಾಳಿ ಅರ್ಧ ಕೆಲಸ ಮುಗಿಸಿಟ್ಟಿದೆ.
ಉಳಿದದ್ದಕ್ಕೆ ಒಂದು ಹರಕು ಪಾಲಿಶ್ ಕಾಗದ, ನನ್ನ ಉಗುರು.

ಸಾಹೇಬ ಮಾಡಿದ್ದಿಷ್ಟು:
ಸಿಡುಬು ಬಂದ ವರ್ಷ ಕೇರಿಯ ಎರಡೂ ಬಾಯಿಗೆ ಬಿದಿರು ಕಟ್ಟಿಸಿ
ಕಾವಲು ನಿಲ್ಲಿಸಿ, ಗುಡ್ಡದ ಬಂಗಲೆಗೆ ಹೋಗಿ
ಕಿಟಕಿ ಹಾಕಿಕೊಂಡ.
ಒಳಗೆ ಹದಿನೇಳು ಮನೆ.
ಬೀದಿಗೆ ಅವನ ಹೆಸರು ಹೇಗೆ ಬಂತು ಅಂದರೆ
ಕಡತದಲ್ಲಿ ಇದ್ದದ್ದು ಅವನೊಬ್ಬನ ರುಜು.

ರಾತ್ರಿ ಭರತದ ಹೊತ್ತಿಗೆ ಹಿತ್ತಿಲ ಕಡಲಿನಿಂದ
ಗಂಜಿ ತಂದವರು ಬೇರೆ.
ಹುಟ್ಟು ಹಾಕಿದವನು ಮೊಹಿದ್ದೀನ ನಾಖವಾ.
ಮಡಕೆ ಹೊತ್ತವಳು ಸಾತು ಹರಿಕಂತ್ರ.
ಸದ್ದಾಗದಿರಲೆಂದು ಹುಟ್ಟಿಗೆ ಅವಳ ಹಳೇ ಸೀರೆ ಸುತ್ತಿದ್ದರಂತೆ.
ಇಪ್ಪತ್ತೆರಡು ರಾತ್ರಿ.
ಮರುರಾತ್ರಿ ದೋಣಿ ಬರಲಿಲ್ಲ.
ಯಾಕೆಂದು ಆ ಕೇರಿಯಲ್ಲಿ ಯಾರಿಗೂ ಹೇಳಬೇಕಿರಲಿಲ್ಲ.

ನಗರಸಭೆಯಲ್ಲಿ ನಾಲ್ಕು ತಿಂಗಳು ಮಾತಾಯಿತು.
ಒಬ್ಬರಿಗೆ ತಮ್ಮ ಅಜ್ಜನ ಹೆಸರು ಬೇಕು, ಶಾಲೆಗೆ ಗಂಟೆ ಕೊಡಿಸಿದವರು.
ಇನ್ನೊಬ್ಬರಿಗೆ ದಾಖಲೆ ಬೇಕು.
“ಗಂಜಿಗೆ ರಸೀದಿ ಉಂಟಾ?” ಅಂದಾಗ
ಚಾ ಕುಡಿಯುತ್ತಿದ್ದವರೆಲ್ಲ ನಕ್ಕರಂತೆ.
ಹಿಂದಿನ ಬೆಂಚಿನಿಂದ ಪೆಡ್ನೇಕರ ಮಾಸ್ತರು ಎದ್ದರು,
ಎದ್ದು ನಿಲ್ಲುವುದಕ್ಕೇ ಒಂದು ನಿಮಿಷ ಹಿಡಿಯಿತು.
“ಆಗ ನಮ್ಮಪ್ಪನಿಗೆ ಮೂರು ವರ್ಷ, ಆ ಗಂಜಿ ಕುಡಿದವ.
ರಸೀದಿ ನಾನು.”
ಠರಾವು ಪಾಸಾಯಿತು.

ಈಗ ನನ್ನ ಕಷ್ಟ. ತಗಡು ನಾಲ್ಕಡಿ, ಹೆಸರು ಎರಡು.
ಮೊದಲು ಯಾರದು? ಅದಕ್ಕೊಂದು ಮೀಟಿಂಗು.
ಕೂಲಿ ಮಾತ್ರ ಹಳೇ ದರ, ಅಕ್ಷರಕ್ಕಿಷ್ಟು;
ಒತ್ತಕ್ಷರ ಲೆಕ್ಕಕ್ಕಿಲ್ಲ.
ಸಾತು, ಮೊಹಿದ್ದೀನ. ನಡುವೆ ಅಡ್ಡಗೆರೆ ಎಳೆ ಅಂದಿದ್ದರು.
ನಾನು ಎಳೆಯಲಿಲ್ಲ. ಜಾಗ ಬಿಟ್ಟೆ,
ಒಂದು ಮಡಕೆ ಇಡುವಷ್ಟು.

ಏಣಿಯ ಬುಡದಲ್ಲಿ ಸಾತುವಿನ ಮರಿಮಗಳು ಶೇವಂತಿ,
ಒಣಮೀನಿನ ಬುಟ್ಟಿ ಮುಂದಿಟ್ಟುಕೊಂಡು.
“ಓದು ತಮಾ, ನಂಗೆ ಓದೂಕೆ ಬರೂದಿಲ್ಲ.”
ಓದಿದೆ.
“ಇಷ್ಟೇಯಾ?” ಅಂದಳು. ನೊಣ ಓಡಿಸಿದಳು.
ಗಿರಾಕಿಯೊಬ್ಬನ ಹತ್ತಿರ ಐದು ರೂಪಾಯಿಗೆ ಜಗಳ ಮಾಡಿದಳು.
ಆಮೇಲೆ ಮೇಲೆ ನೋಡದೆ,
“ಇನ್ನೊಂದ್ಸಲ ಓದು.”

ಮಧ್ಯಾಹ್ನ ನಗರಸಭೆಯ ಜವಾನ ಬಂದ,
ಕೈಯಲ್ಲಿ ಇನ್ನೊಂದು ತಗಡು, ಒಂದು ಚೀಟಿ.
ಇದೇ ಕಂಬಕ್ಕೆ, ಹೊಸ ಹೆಸರಿನ ಕೆಳಗೆ, ಕೆಂಪಿನಲ್ಲಿ:
ಇಲ್ಲಿ ಮೀನು ಮಾರುವುದನ್ನು ನಿಷೇಧಿಸಲಾಗಿದೆ.
ಉದ್ಘಾಟನೆಗೆ ದೊಡ್ಡವರು ಬರುತ್ತಾರೆ,
ವಾಸನೆ ಬೇಡವಂತೆ.

ಚೀಟಿಯನ್ನು ಮನಸ್ಸಿನಲ್ಲೇ ಓದಿಕೊಂಡೆ.
ಇದನ್ನು ಓದು ಅಂತ ಅವಳು ಕೇಳಲಿಲ್ಲ.
ಆಷಾಢದ ಥಂಡಿ ಮಾರಾಯ, ಬಣ್ಣ ಒಣಗಬೇಕಲ್ಲ, ಅಂದೆ.
“ಎಷ್ಟು ದಿನ?” ಅಂದ.
ಕಾಳಿ ನದಿಯ ಕಡೆ ನೋಡಿದೆ. ಮೋಡ ನೋಡಿದೆ.
ಇಪ್ಪತ್ತೆರಡು, ಅಂದೆ.