ಬಹುವಚನ

ಹಾಸನದ ಸಾಲಗಾಮೆ ರಸ್ತೆ, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ,
ಲೂರ್ದು ಮೇರಿ ಟೀಚರ ಸಂಜೆ ಕ್ಲಾಸು.
ಗಾರ್ಮೆಂಟ್ಸಿನಿಂದ ನೇರ ಬಂದ ನಾವು ಏಳು ಜನ,
ಜಡೆಯಲ್ಲಿ ಇನ್ನೂ ನೂಲಿನ ಚೂರು.
ಸೂಪರ್‌ವೈಸರ್ ಆಗಬೇಕಾದರೆ
ಬಿಟ್ಟ ಸ್ಥಳ ತುಂಬಬೇಕು.

ಆಮ್, ಈಸ್, ಆರ್.
ಕಾಲರು, ತೋಳು, ಕಾಜಾ ಪಟ್ಟಿ ಇದ್ದಂತೆ
ಯಾವುದು ಎಲ್ಲಿಯದೋ ಅಲ್ಲೇ ಕೂರಬೇಕು,
ಬಲವಂತ ಮಾಡಿದರೆ ಸುಕ್ಕು, ಪೀಸು ವಾಪಸ್ಸು.

ಪೆನ್ಸಿಲಿನಲ್ಲಿ ಬರೆದೆ: ಮೈ ಫಾದರ್ ಆರ್ ಎ ಹಮಾಲಿ.
ಕೆಂಪು ಪೆನ್ನು ಆರ್‌ಗೆ ಸೊನ್ನೆ ಸುತ್ತಿತು.
'ಎಷ್ಟು ಜನ ಅಪ್ಪಂದಿರು ನಿನಗೆ, ಪುಟ್ಟಲಕ್ಷ್ಮಿ?'
ಎಲ್ಲರೂ ನಕ್ಕರು, ನಾನೂ ನಕ್ಕೆ.
ಒಬ್ಬರೇ ಮಿಸ್. ಒಬ್ಬರೇ ಆದರೂ ಅವರು ಅವರೇ.
'ಅಲ್ಲ. ಹೀ.'

ದ್ಯಾವಯ್ಯ ಅನ್ನುವ ಹೆಸರಿನ ಅಯ್ಯ
ಎಪಿಎಂಸಿ ಯಾರ್ಡಿನ ಗೇಟಿನಲ್ಲೇ ಉದುರುತ್ತಿತ್ತು.
ಆಲೂಗಡ್ಡೆ ಸೀಜನ್ನಿನ ಧೂಳಿನ ತುಂಬ
ಬಾರ್ಲಾ ದ್ಯಾವ, ಎತ್ಲಾ ದ್ಯಾವ, ಎಲ್ ಸತ್ತೆ ದ್ಯಾವ.
ಮಂಡಿ ಸಾಹುಕಾರರ ಮೊಮ್ಮಗನಿಗೂ,
ಇನ್ನೂ ಚಡ್ಡಿ ಗುಂಡಿ ಹಾಕಲು ಬರದವನಿಗೂ, ಅಪ್ಪ 'ನೀನು'.

ಮನೆಯೊಳಗೆ ಮಾತ್ರ ಅವ್ವ ಕಲಿಸಿದ್ದಳು:
ಅಪ್ಪ ಬಂದರು, ಅಪ್ಪ ಉಂಡರು,
ಅಪ್ಪ ಮಲಗಿದ್ದಾರೆ, ಗಲಾಟೆ ಮಾಡಬೇಡಿ.
ಅವ್ವ ಬಂದಳು, ಉಂಡಳು,
ಮಲಗಿದ್ದು ಯಾವಾಗಲೋ ಗೊತ್ತಿಲ್ಲ.
ಅದನ್ನು ಯಾರೂ ತಿದ್ದಲಿಲ್ಲ.

ಅಪ್ಪನಿಗೆ ಸಿಕ್ಕಿದ್ದು ಅದೊಂದೇ ಬಹುವಚನ.
ಆರು ಐವತ್ತಕ್ಕೆ, ಅರ್ಧ ಮಾರ್ಕಿಗೆ
ರಬ್ಬರಿನಿಂದ ಉಜ್ಜಿದೆ.
ಹಾಳೆ ಸ್ವಲ್ಪ ಹರಿಯಿತು.

ಮನೆಗೆ ಹೋಗಿ ಒಪ್ಪಿಕೊಂಡೆ:
ಅಪ್ಪಾ, ಇವತ್ತು ನಿಮ್ಮನ್ನ 'ಅವನು' ಮಾಡಿ ಬಂದೆ.
ಅವ್ವ ಅವರ ಬೆನ್ನಿಗೆ ಮುಲಾಮು ಹಚ್ಚುತ್ತಿದ್ದಳು.
ಬೋರಲು ಮಲಗಿದಲ್ಲಿಂದಲೇ ಕೇಳಿದರು,
'ಸಾವ್ಕಾರ್ರನ್ನ ಏನಂತಾರೆ ಅದ್ರಲ್ಲಿ?'
ಅವರನ್ನೂ ಹೀ.
'ಎದುರಿಗೆ ನಿಂತ್ಕಂಡ್ರೆ?'
ಯೂ.
'ನನ್ನ?'
ಯೂ.
'ನಿಮ್ಮವ್ವನ್ನ?'
ಅವಳನ್ನೂ.
ಬೆನ್ನಿನ ಮೇಲೆ ಅವ್ವನ ಕೈ ಒಂದು ಗಳಿಗೆ ನಿಂತಿತು.

ಅಪ್ಪ ಬಾಯೊಳಗೇ ಅಂದು ನೋಡಿದರು,
ಯೂ, ಯೂ,
ಬೆನ್ನಿಗೇರಿಸುವ ಮುಂಚೆ ಮೂಟೆಯ ಕಿವಿ ಹಿಡಿದು
ಅಲ್ಲಾಡಿಸಿ ನೋಡುವವರ ಹಾಗೆ.

'ಹಗುರ ಐತೆ' ಅಂದರು.