ಹತ್ತು ಇಂಚು, ಹನ್ನೆರಡು ಇಂಚು

ಎಂಬಿಎ ಮೂರನೇ ಸೆಮಿಸ್ಟರಿಗೆ ಎಂಟು ವಾರದ ಪ್ರಾಜೆಕ್ಟು.
ಕಮಲಾಕ್ಷಿ ಬ್ಯಾಂಕು ಹಿಡಿದಳು, ನಸೀಮಾ ಉಕ್ಕಿನ ಕಾರ್ಖಾನೆ.
ನನಗೆ ಸಿಕ್ಕಿದ್ದು ಕೂದಲು.

ಕೊಪ್ಪಳದ ಹಳಿ ದಾಟಿದರೆ ಭಾಗ್ಯನಗರ.
ಗೇಟು ಬಿದ್ದಿತ್ತು. ಅದಿರಿನ ಗೂಡ್ಸು ಹೊರಟಿತ್ತು
ಐವತ್ತೆಂಟು ಡಬ್ಬಿ.
(ಎಣಿಸುವುದು ಈಚಿನ ಚಾಳಿ.)
ಆಚೆಗೆ, ಮಗ್ಗ ಎತ್ತಿಟ್ಟ ಪಡಸಾಲೆಯೊಂದರಲ್ಲಿ
ಮಾಳಿಗೆ ಮುಟ್ಟುವಷ್ಟು ಚೀಲ,
ಚೀಲದ ಬಾಯಿಂದ ಇಣುಕುವ ಕಪ್ಪು.

"ಏನ್ ಬೇಕಾದ್ದು ಬರಕೋ ತಂಗಿ," ಅಂದ ಮ್ಯಾನೇಜರ್ ಯಮನೂರಪ್ಪ,
"ತೂಕ ಒಂದ್ ಬಿಟ್ಟು."

ಮೇ ತಿಂಗಳು. ಫ್ಯಾನು ಹಾಕುವಂತಿಲ್ಲ, ಕೂದಲು ಹಾರುತ್ತದೆ.
ಇಪ್ಪತ್ತು ಹೆಂಗಸರು ಮೊಳೆ ಹೊಡೆದ ಹಲಗೆಗೆ
ಸಿಕ್ಕು ಕೊಟ್ಟು ಎಳೆಯುತ್ತಾರೆ,
ಸೀನುತ್ತಾರೆ, ಮತ್ತೆ ಎಳೆಯುತ್ತಾರೆ.
ನಾನು ಮೂಲೆಯಲ್ಲಿ ಲ್ಯಾಪ್‌ಟಾಪು ತೆರೆದು
ಟೇಬಲ್ಲು ಕಟ್ಟುತ್ತೇನೆ:
ಉದ್ದ ಎರಡೆರಡು ಇಂಚಿಗೆ ಒಂದು ದರ್ಜೆ,
ಬಣ್ಣ, ಗ್ರಾಂ, ಬಂದ ತಾರೀಖು, ಹತ್ತುವ ಹಡಗು.
ಸಂಬಂಧವನ್ನು ವಜ್ರದಾಕಾರದಲ್ಲಿ ಬರೆಯಬೇಕಂತೆ.
ಬರೆದೆ.

ಬಾಳವ್ವ ಒಂದು ಉಂಡೆ ಬಿಡಿಸಿ ಬೆಳಕಿಗೆ ಹಿಡಿದಳು.
"ಇದು ಬಾಣಂತೀದು. ಬೇರ ನೋಡು, ಬಿಳೇ ಗುಂಡು ಐತಿ.
ಇದು ಜ್ವರದಾಗ ಉದುರಿದ್ದು.
ಇದಕ್ಕ ಎಣ್ಣಿ ಹಚ್ಚೋರು ಯಾರೋ ಇದ್ರು."
ಕೇಳಿಸಿಕೊಂಡೆ. ಕಾಲಮ್ಮು ಮಾಡಲಿಲ್ಲ.
ಎಣ್ಣೆ ಹಚ್ಚುವವರು ಇದ್ದರು ಎಂಬುದಕ್ಕೆ
ಡೇಟಾ ಟೈಪು ಯಾವುದು?

ನಮ್ಮ ಓಣಿಗೂ ಬರುತ್ತಿದ್ದಳು ಕೂದಲಿಗೆ ಪಾತ್ರೆ ಕೊಡುವವಳು.
ಅವ್ವ ಬಚ್ಚಲ ಗೋಡೆಯ ಸಂದಿಯಿಂದ
ಬಾಚಿದ ಉಂಡೆಗಳನ್ನು ಕಿತ್ತು ಕಿತ್ತು ತೆಗೆದು
ಚೌಕಾಸಿ ಮಾಡುತ್ತಿದ್ದಳು.
ಒಂದು ವರ್ಷದ ಅವ್ವಗೆ ಒಂದು ಚಹಾ ಸೋಸುವ ಜಾಲರಿ.
ಈ ಬೆಳಿಗ್ಗೆಯೂ ಅದರಲ್ಲೇ ಸೋಸಿಕೊಂಡು ಕುಡಿದು ಬಂದೆ.

ಐದನೇ ವಾರ ನನ್ನ ಪ್ರೋಗ್ರಾಮು ಕೆಂಪು ತೋರಿಸಿತು.
ಒಳಬಂದದ್ದಕ್ಕೂ ಹೊರಹೋದದ್ದಕ್ಕೂ ತಾಳೆಯಿಲ್ಲ.
ಕಿಲೋಗೆ ನೂರಾ ಹತ್ತು ಗ್ರಾಂ ಕಾಣೆ,
ಪ್ರತಿ ಚೀಲಕ್ಕೂ, ತಪ್ಪದೆ.
ಯಮನೂರಪ್ಪನ ಮುಖ ಅರಳಿತು. ಸಂಜೆ ಬಾಗಿಲಲ್ಲಿ
ಇಪ್ಪತ್ತು ಹೆಂಗಸರ ಚೀಲ, ಸೆರಗು, ಊಟದ ಡಬ್ಬಿ
ತೆರೆಸಿ ತೆರೆಸಿ ನೋಡಿದ.
ನಾನು ಗ್ರಾಫು ಹಿಡಿದು ಪಕ್ಕದಲ್ಲಿ ನಿಂತಿದ್ದೆ.
ಗ್ರಾಫು ಚಂದ ಬಂದಿತ್ತು.

ಬಾಳವ್ವನ ಡಬ್ಬಿಯಲ್ಲಿ ಅರ್ಧ ರೊಟ್ಟಿ ಇತ್ತು.
ಮುಚ್ಚುತ್ತ ಅಂದಳು, ನನ್ನ ಕಡೆ ನೋಡದೆ:
"ತೊಳದ ಮ್ಯಾಲ ತೂಗಿದ್ರ ಇಳೀದ ಏನ್ ಮಾಡತೈತಿ?
ಎಣ್ಣಿ, ಬೆವರು, ಧೂಳು, ಹೇನು.
ಅವೂ ತಕ್ಕಡೀಗ ಬಂದಿರ್ತಾವು ಅವರ ಜೋಡಿ."

ಮರುದಿನ ಹೊಸ ಕಾಲಮ್ಮು ಸೇರಿಸಿದೆ.
'ತೊಳೆತದ ನಷ್ಟ', ಶೇಕಡಾ ಹನ್ನೊಂದು.
ಕೆಂಪು ಹಸಿರಾಯಿತು.
ಬಾಳವ್ವನಿಗೆ ಹೇಳಬೇಕೆಂದುಕೊಂಡ ಮಾತು
ಎಂಟನೇ ವಾರದವರೆಗೂ ಬಾಯಲ್ಲೇ ಉಳಿಯಿತು.
ಕೊನೆಗೆ ಪೇಡೆ ಕೊಟ್ಟೆ. ಎಲ್ಲರಿಗೂ ಕೊಟ್ಟಂತೆ ಅವಳಿಗೂ.
ತಿಂದಳು.

ವೈವಾದಲ್ಲಿ ಕೇಳಿದ್ದು ಒಂದೇ.
"ಪ್ರೈಮರಿ ಕೀ ಯಾವುದಮ್ಮ?"
"ಚೀಲದ ನಂಬರು, ಸರ್."
"ಸರಿ," ಎಂದು ರುಜು ಹಾಕಿದರು.

ಮನೆಯಲ್ಲಿ ರಿಪೋರ್ಟು ತಿರುವಿ ಹಾಕುವಾಗ
ಸ್ಪೈರಲ್ಲಿನ ಸುರುಳಿಗೆ ಸುತ್ತಿಕೊಂಡು ಒಂದು ಎಳೆ.
ನನ್ನದೋ, ಪಡಸಾಲೆಯದೋ,
ಬೇರು ಮಾತ್ರ ಇತ್ತು.
ಸ್ಕೇಲು ಇಟ್ಟು ಅಳೆದೆ:
ಹನ್ನೊಂದು.
ನನ್ನ ಟೇಬಲ್ಲಿನಲ್ಲಿ ಹತ್ತು ಉಂಟು, ಹನ್ನೆರಡು ಉಂಟು.