ಚೌಕವಾಗದ ಚೂರುಗಳು

ಕಡಲೆಕಾಳಿಗಿಂತ ದೊಡ್ಡದಾಗಬಾರದು ಚೂರು,
ಹೆಸರುಕಾಳಿಗಿಂತ ಸಣ್ಣದೂ ಆಗಬಾರದು.
ಮನಾಮಾದ ಹೋಟೆಲಿನ ನೆಲಮಾಳಿಗೆಯಲ್ಲಿ
ನೂರಿಯಾ ಮೇಡಂ ಮಾಡಿದ ಕಾನೂನು.
ಕಾಳಿನ ಲೆಕ್ಕ ನನ್ನದು; ಅವಳು ತೋರಿಸಿದ್ದು
ಕಿರುಬೆರಳಿನ ಉಗುರು.

ಆರು ಕಿಲೋ ಟೊಮೆಟೊ, ಬುದೈಯಾ ತೋಟದ್ದು,
ಸೌತೆ, ಕೆಂಪು ದೊಣ್ಣೆಮೆಣಸು, ಹಸಿರು ದೊಣ್ಣೆಮೆಣಸು,
ತಣ್ಣೀರಲ್ಲಿ ಹತ್ತು ನಿಮಿಷ ಕೂತು ಸಿಟ್ಟು ಬಿಟ್ಟ ಈರುಳ್ಳಿ.
ಒಲೆ ಹಚ್ಚುವ ಮಾತಿಲ್ಲ.
ಹೊರಗೆ ನಲವತ್ತಾರು ಡಿಗ್ರಿ, ಊರಿಗೆ ಊರೇ ಒಲೆ;
ಹಸಿಯಾಗಿ ಉಳಿದದ್ದು ಈ ಬೋಗುಣಿ ಮಾತ್ರ.

ದೊಣ್ಣೆಮೆಣಸು ಹುಟ್ಟಿದ್ದೇ ಡೊಂಕು.
ಅದರಿಂದ ಚೌಕ ತೆಗೆಯುವುದೆಂದರೆ
ಭುಜ ಕತ್ತರಿಸು, ಬುಡ ಕತ್ತರಿಸು,
ಒಳಗಿನ ಬಿಳಿ ನರ ಹೆರೆ,
ಮಲಗಿಸಿ ಒತ್ತು, ಒಪ್ಪಿಕೊಳ್ಳುವವರೆಗೆ.
ಒಪ್ಪಿದ್ದು ಬೋಗುಣಿಗೆ,
ಒಪ್ಪದ್ದು ನನ್ನ ಡಬ್ಬಿಗೆ.

ಉಪ್ಪಿನಲ್ಲಿ ಅರೆದ ಬೆಳ್ಳುಳ್ಳಿ. ಆಮೇಲೆ
ಹೊಗೆಯಲ್ಲಿ ಒಣಗಿಸಿದ ಮೆಣಸಿನ ಪುಡಿ:
ಖಾರವಿಲ್ಲ, ಬರೀ ಹೊಗೆ.
ಮೊದಲ ದಿನ ಮೂಸಿದಾಗ
ಬೀಡಿ ಕಾಯಿಸುವ ಗೂಡು ನೆನಪಾಗಿ
ಎರಡು ಸಲ ಸೀನಿದ್ದೆ.

ಅವಳ ಊರಿನ ದ್ರಾಕ್ಷಿಯ ಹುಳಿ ಮುಗಿದು ಹದಿನೈದು ದಿನ;
ಹಡಗು ಎಲ್ಲೋ ನಿಂತಿದೆಯಂತೆ.
ಪಾತ್ರೆ ತೊಳೆಯುವ ಘಸ್ಸಾನ್ ಸೂಕಿನಿಂದ ತಂದ
ಖರ್ಜೂರದ ಹುಳಿ, ಹಳೆ ಪೆಪ್ಸಿ ಬಾಟಲಿಯಲ್ಲಿ.
ಮೇಡಂ ಹುಬ್ಬು ಗಂಟಿಕ್ಕಿ ಒಂದು ಹನಿ ನೆಕ್ಕಿದಳು.
ಏನೂ ಹೇಳಲಿಲ್ಲ. ಇನ್ನೊಂದು ಹನಿ.
ಆಮೇಲೆ ಎಣ್ಣೆಗೆ ಕೈ ಚಾಚಿ "ಅಸೇಯ್ತೆ" ಅಂದಳು.
"ಝೇತ್" ಅಂದ ಘಸ್ಸಾನ್, ಅದೇ ಡಬ್ಬ ಎತ್ತಿಕೊಟ್ಟು.
ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು,
ಯಾವ ಕಾಲದಲ್ಲೋ ಹಿಸ್ಸೆಯಾದ ಮನೆಯವರು
ಬಸ್ಸಿನಲ್ಲಿ ಅಕ್ಕಪಕ್ಕ ಸಿಕ್ಕಿದ ಹಾಗೆ.
ನಾನು "ಎಣ್ಣೆ" ಅಂದೆ,
ಯಾರೂ ಕೇಳದಿದ್ದರೂ.

ರಾತ್ರಿ ಹನ್ನೊಂದೂವರೆ, ಗುದೈಬಿಯಾದ ರೂಮು.
ಡಬ್ಬಿ ಬಿಚ್ಚುತ್ತೇನೆ: ಭುಜ, ಬುಡ, ತೊಟ್ಟಿನ ಸುತ್ತಣದ್ದು,
ತ್ರಿಕೋನ, ಅರ್ಧಚಂದ್ರ, ಹೆಸರೇ ಇಲ್ಲದ ಆಕಾರಗಳು.
ಬಾಟಲಿಯ ತಳದಲ್ಲುಳಿದ ಹುಳಿ
ಇವಕ್ಕೂ ಅಷ್ಟೇ ಹಿಡಿದಿದೆ.
ಅದ್ದು ಕುಬ್ಬೂಸ್ ಹರಿಯುತ್ತಾನೆ.
ಬಚ್ಚಣ್ಣ ಹಸಿಮೆಣಸೊಂದನ್ನು ಮುರಿದು ಹಾಕಿ
ಸ್ಪೇನಿಗೆ ಖಾರ ಕಲಿಸುತ್ತಾನೆ.
"ಎಂಥದೋ ಮಾರಾಯ, ಇದರ ಹೆಸರು?"
ಸಾಲ್ಸಾ, ಅಂದೆ.
"ಮೇಲೆ ಕೂತು ತಿನ್ನುವವರಿಗೂ ಇದೇಯಾ?"
ಹ್ಞೂಂ, ಇದೇ.
ಅವರದ್ದು ಚೌಕ.

ಅವನು ತಟ್ಟೆ ಬಾಗಿಸಿ
ತಳದ ಕೆಂಪು ರಸವನ್ನು
ಸದ್ದು ಮಾಡಿ ಕುಡಿದ.